ಒರಿಜಿನ್ ಫ್ರೇಮ್: ಸರ್ವರ್‌ನ ಘೋಷಣೆ ಮತ್ತು ಅದರ ಎಲ್ಲೆ

ಒರಿಜಿನ್ ಫ್ರೇಮ್ ಎಂಬುದು ಎಚ್‌ಟಿಟಿಪಿ/2 ನಿಯಮಾವಳಿಗೆ ಸೇರಿದ ಒಂದು ಪುಟ್ಟ ವಿಸ್ತರಣೆ. ತನ್ನೊಡನೆ ಈಗಾಗಲೇ ಸಂಪರ್ಕದಲ್ಲಿರುವ ಬ್ರೌಸರಿಗೆ, ಇದೇ ಸಂಪರ್ಕದ ಮೇಲೆ ಇನ್ನೂ ಯಾವ ಯಾವ ತಾಣಗಳ ಕೋರಿಕೆಗಳನ್ನು ಕಳಿಸಬಹುದು ಎಂದು ವೆಬ್ ಸರ್ವರ್ ತಾನಾಗಿ ತಿಳಿಸುವ ಏರ್ಪಾಡು ಇದು. ಮಾರ್ಕ್ ನಾಟಿಂಗ್‌ಹ್ಯಾಮ್ ಮತ್ತು ಎರಿಕ್ ನೈಗ್ರೆನ್ ಬರೆದ ವಿವರಣೆಯನ್ನು ಇಂಟರ್‌ನೆಟ್ ಇಂಜಿನಿಯರಿಂಗ್ ಟಾಸ್ಕ್ ಫೋರ್ಸ್ 2018ರ ಮಾರ್ಚ್‌ನಲ್ಲಿ ಆರ್‌ಎಫ್‌ಸಿ 8336 ಎಂಬ ದಾಖಲೆಯಾಗಿ ಪ್ರಕಟಿಸಿತು. ಎಚ್‌ಟಿಟಿಪಿ/3ಕ್ಕೆ ಹೊಂದುವ ರೂಪವನ್ನು ಮೈಕ್ ಬಿಷಪ್ 2023ರ ಜೂನ್‌ನಲ್ಲಿ ಆರ್‌ಎಫ್‌ಸಿ 9412ರಲ್ಲಿ ಕೊಟ್ಟರು. ಇದನ್ನು ಪುಟಗಳು ಬೇಗ ತೆರೆದುಕೊಳ್ಳಲು ನೆರವಾಗುವ ಉಪಾಯವೆಂದೇ ಪರಿಚಯಿಸುವುದು ವಾಡಿಕೆ. ಅದು ಸುಳ್ಳಲ್ಲ, ಆದರೆ ಅರ್ಧ ಮಾತು. ತನ್ನ ಬಗ್ಗೆ ತಾನೇ ಹೇಳಿಕೊಳ್ಳುವ ಸರ್ವರ್‌ನ ಮಾತನ್ನು ಎಲ್ಲಿಯವರೆಗೆ ನಂಬಬೇಕು ಎಂಬ ಹಳೆಯ ಪ್ರಶ್ನೆಗೆ ಈ ಫ್ರೇಮ್ ಒಂದು ಸ್ಪಷ್ಟ ಗೆರೆ ಎಳೆಯಿತು. ವೇಗಕ್ಕಿಂತ ಆ ಗೆರೆಯಲ್ಲಿಯೇ ಇದರ ಮಹತ್ವವಿದೆ, ಮತ್ತು ಇದು ನಿಧಾನವಾಗಿ ಬಳಕೆಗೆ ಬಂದುದಕ್ಕೆ ಮುಖ್ಯ ಕಾರಣವೂ ಅಲ್ಲಿಯೇ ಸಿಗುತ್ತದೆ ಎಂಬುದು ಈ ಲೇಖನದ ವಾದ.

ವೆಬ್ಬಿನ ಭದ್ರತೆಯಲ್ಲಿ ಒರಿಜಿನ್ ಎಂದರೆ ಮೂರು ಅಂಶಗಳ ಕೂಟ: ಎಚ್‌ಟಿಟಿಪಿಎಸ್‌ನಂಥ ಸ್ಕೀಮ್, ಹೋಸ್ಟ್ ಹೆಸರು, ಪೋರ್ಟ್ ಸಂಖ್ಯೆ. ಮೂರೂ ಒಂದೇ ಆಗಿದ್ದರೆ ಮಾತ್ರ ಎರಡು ಪುಟಗಳನ್ನು ಬ್ರೌಸರ್ ಒಂದೇ ಮನೆಯವೆಂದು ಕಾಣುತ್ತದೆ. 2011ರ ಡಿಸೆಂಬರ್‌ನಲ್ಲಿ ಬಂದ ಆರ್‌ಎಫ್‌ಸಿ 6454 ಇದನ್ನು ವಿಧಿವತ್ತಾಗಿ ಬರೆದಿಟ್ಟಿತು. ಎಚ್‌ಟಿಟಿಪಿ/1.1ರ ಕಾಲದಲ್ಲಿ ಸಂಪರ್ಕಕ್ಕೂ ಒರಿಜಿನ್‌ಗೂ ಇದ್ದ ನಂಟು ಸರಳವಾಗಿತ್ತು. ಯಾವ ಹೆಸರಿಗಾಗಿ ಸಂಪರ್ಕ ತೆರೆಯಲಾಯಿತೋ ಆ ಹೆಸರಿನ ಕೋರಿಕೆಗಳು ಮಾತ್ರ ಅದರ ಮೇಲೆ ಸಾಗುತ್ತಿದ್ದವು. ಒಂದು ಸಂಪರ್ಕದಲ್ಲಿ ಒಮ್ಮೆಗೆ ಒಂದೇ ಕೋರಿಕೆ ನಡೆಯುತ್ತಿದ್ದುದರಿಂದ ಬ್ರೌಸರುಗಳು ಒಂದು ಹೋಸ್ಟ್‌ಗೆ ಸಾಮಾನ್ಯವಾಗಿ ಆರು ಸಂಪರ್ಕಗಳನ್ನು ತೆರೆಯುತ್ತಿದ್ದವು. ಆರೂ ಸಾಲದೆ ಹೋದಾಗ ತಾಣ ನಡೆಸುವವರು ಚಿತ್ರಗಳಿಗೊಂದು, ಸ್ಕ್ರಿಪ್ಟುಗಳಿಗೊಂದು, ಶೈಲಿಯ ಕಡತಗಳಿಗೊಂದು ಎಂದು ಹೆಸರುಗಳನ್ನು ಒಡೆದು ಹಂಚಿದರು. ಡೊಮೇನ್ ಶಾರ್ಡಿಂಗ್ ಎಂದು ಕರೆಸಿಕೊಂಡ ಈ ಜಾಣತನ ಅಂದಿಗೆ ಫಲ ಕೊಟ್ಟಿತು. 2015ರ ಮೇನಲ್ಲಿ ಆರ್‌ಎಫ್‌ಸಿ 7540ರ ಮೂಲಕ ಎಚ್‌ಟಿಟಿಪಿ/2 ಬಂದು, ಒಂದೇ ಸಂಪರ್ಕದ ಮೇಲೆ ನೂರಾರು ಕೋರಿಕೆಗಳನ್ನು ಹೆಣೆದು ಕಳಿಸುವುದು ಸಾಧ್ಯವಾದ ಮೇಲೆ ಅದೇ ಜಾಣತನ ಹೊರೆಯಾಯಿತು. ಪ್ರತಿ ಹೊಸ ಹೆಸರಿಗೂ ಒಂದು ಡಿಎನ್‌ಎಸ್ ವಿಚಾರಣೆ, ಟಿಸಿಪಿ ಕೈಕುಲುಕಿಗೆ ಒಂದು ಸುತ್ತು ಪ್ರಯಾಣ, ಟಿಎಲ್‌ಎಸ್ 1.2 ಆದರೆ ಇನ್ನೆರಡು ಸುತ್ತು, 1.3 ಆದರೆ ಒಂದು ಸುತ್ತು. ಇಷ್ಟೆಲ್ಲ ಮುಗಿದ ಮೇಲೆ ತಲುಪುವುದು ಬಹಳ ಸಲ ಅದೇ ಯಂತ್ರವನ್ನು.

ಈ ವ್ಯರ್ಥವನ್ನು ತಗ್ಗಿಸಲು ಆರ್‌ಎಫ್‌ಸಿ 7540 ಒಂದು ರಿಯಾಯಿತಿ ಕೊಟ್ಟಿತ್ತು. ಹೊಸ ಹೆಸರು ಅದೇ ಐಪಿ ವಿಳಾಸವನ್ನು ಸೂಚಿಸುತ್ತಿದ್ದು, ಈಗಾಗಲೇ ಸಿಕ್ಕಿರುವ ಸರ್ಟಿಫಿಕೇಟ್ ಆ ಹೆಸರನ್ನೂ ಒಳಗೊಂಡಿದ್ದರೆ, ಬ್ರೌಸರ್ ಹಳೆಯ ಸಂಪರ್ಕವನ್ನೇ ಬಳಸಬಹುದು. ಕನೆಕ್ಷನ್ ಕೊಅಲೆಸಿಂಗ್ ಎಂದು ಹೆಸರಾದ ಈ ವಿಲೀನದ ನಿಯಮ ಕಾಗದದ ಮೇಲೆ ಅಚ್ಚುಕಟ್ಟಾಗಿದೆ, ನಡೆಯುವಾಗ ಎರಡೂ ಕಡೆ ಎಡವುತ್ತದೆ. ದೊಡ್ಡ ತಾಣಗಳು ಹೊರೆ ಹಂಚಲು ಡಿಎನ್‌ಎಸ್ ಉತ್ತರಗಳನ್ನು ಸದಾ ತಿರುಗಿಸುತ್ತಿರುತ್ತವೆ. ಒಂದೇ ಸರ್ವರ್ ಗುಂಪಿನಲ್ಲಿರುವ ಎರಡು ಹೆಸರುಗಳಿಗೆ ಒಂದು ಕ್ಷಣ ಒಂದೇ ವಿಳಾಸ, ಮರುಕ್ಷಣ ಬೇರೆ ಬೇರೆ ವಿಳಾಸ ಸಿಗಬಹುದು. ಬ್ರೌಸರುಗಳೂ ಒಂದೇ ರೀತಿ ನಡೆದುಕೊಳ್ಳಲಿಲ್ಲ. ತಾನು ನಿಜವಾಗಿ ಸಂಪರ್ಕಿಸಿದ ವಿಳಾಸವೇ ಹೊಸ ಉತ್ತರದಲ್ಲಿಯೂ ಇರಬೇಕೆಂದು ಕ್ರೋಮ್ ಕೇಳಿದರೆ, ಮೊದಲಿನ ಉತ್ತರದ ಪಟ್ಟಿಗೂ ಹೊಸ ಪಟ್ಟಿಗೂ ಎಲ್ಲಾದರೂ ಒಂದು ವಿಳಾಸ ಕೂಡಿದರೆ ಸಾಕೆಂದು ಫೈರ್‌ಫಾಕ್ಸ್ ಭಾವಿಸಿತು. ಹೀಗೆ ಸೇರಬೇಕಾದ ಸಂಪರ್ಕಗಳು ಸೇರದೆ ಉಳಿದವು. ಇದರ ವಿರುದ್ಧ ದಿಕ್ಕಿನ ಎಡವಟ್ಟು ಇನ್ನೂ ಕಿರಿಕಿರಿಯದು. ವಿಳಾಸವೂ ಕೂಡಿ, ಸರ್ಟಿಫಿಕೇಟೂ ಒಪ್ಪಿದಾಗ ಬ್ರೌಸರ್ ಸಂಪರ್ಕವನ್ನು ವಿಲೀನಗೊಳಿಸುತ್ತದೆ, ಆದರೆ ಆ ತುದಿಯಲ್ಲಿರುವ ಸರ್ವರ್‌ಗೆ ಎರಡನೆಯ ಹೆಸರಿನ ತಾಣ ಗೊತ್ತೇ ಇರುವುದಿಲ್ಲ. ಆಗ ಅದು 421 ಎಂಬ ಸ್ಥಿತಿಸಂಕೇತ ಕೊಟ್ಟು ಕೋರಿಕೆ ತಪ್ಪು ಬಾಗಿಲಿಗೆ ಬಂದಿದೆ ಎಂದು ಹೇಳಬೇಕು, ಬ್ರೌಸರ್ ಬೇರೆ ಸಂಪರ್ಕದಲ್ಲಿ ಮತ್ತೆ ಪ್ರಯತ್ನಿಸಬೇಕು. ಎರಡೂ ಎಡವಟ್ಟುಗಳ ಬೇರು ಒಂದೇ: ಯಾವ ಯಂತ್ರ ಯಾವ ತಾಣಗಳನ್ನು ನಡೆಸುತ್ತಿದೆ ಎಂಬುದು ಖಚಿತವಾಗಿ ತಿಳಿದಿರುವುದು ಸರ್ವರ್‌ಗೆ, ಊಹಿಸಬೇಕಾಗಿ ಬಂದದ್ದು ಬ್ರೌಸರಿಗೆ.

ಒರಿಜಿನ್ ಫ್ರೇಮ್ ಆ ತಿಳಿವನ್ನು ತಿಳಿದವರ ಬಾಯಿಂದಲೇ ಹೇಳಿಸುತ್ತದೆ. ಅದರ ರಚನೆ ಬಹಳ ಸರಳ: 12ನೆಯ ಸಂಖ್ಯೆಯ ಫ್ರೇಮ್, ಒಳಗೆ ಒಂದಾದ ಮೇಲೊಂದು ಒರಿಜಿನ್‌ಗಳು, ಪ್ರತಿಯೊಂದರ ಮುಂದೆ ಅದರ ಉದ್ದವನ್ನು ಹೇಳುವ 16 ಬಿಟ್‌ಗಳ ಸಂಖ್ಯೆ. ಇಡೀ ಸಂಪರ್ಕಕ್ಕೆ ಸಂಬಂಧಿಸಿದ ಸೊನ್ನೆಯ ಸ್ಟ್ರೀಮ್‌ನಲ್ಲಿ ಮಾತ್ರ ಇದು ಬರಬೇಕು. ನಕ್ಷತ್ರ ಚಿಹ್ನೆಯ ವೈಲ್ಡ್‌ಕಾರ್ಡ್‌ಗೆ ಎಡೆಯಿಲ್ಲ, ಪ್ರತಿ ಹೆಸರನ್ನೂ ಪೂರ್ತಿ ಬರೆಯಬೇಕು. ಮೊದಲ ಫ್ರೇಮ್ ತಲುಪಿದೊಡನೆ ಬ್ರೌಸರ್ ಆ ಸಂಪರ್ಕಕ್ಕಾಗಿ ಒಂದು ಒರಿಜಿನ್ ಗಣವನ್ನು ಕಟ್ಟುತ್ತದೆ. ಟಿಎಲ್‌ಎಸ್ ಆರಂಭದಲ್ಲಿ ತಾನೇ ಕೇಳಿದ್ದ ಹೋಸ್ಟ್ ಹೆಸರು ಅದರಲ್ಲಿ ಮೊದಲ ಸದಸ್ಯ, ಸರ್ವರ್ ಪಟ್ಟಿಮಾಡಿದವು ಉಳಿದ ಸದಸ್ಯರು. ಮುಂದಿನ ಫ್ರೇಮ್‌ಗಳು ಗಣಕ್ಕೆ ಹೆಸರು ಸೇರಿಸಬಲ್ಲವೇ ಹೊರತು ತೆಗೆಯಲಾರವು. ಒಂದು ಹೆಸರು ಹೊರಬೀಳುವುದು ಅದರ ಕೋರಿಕೆಗೆ 421 ಉತ್ತರ ಬಂದಾಗ ಮಾತ್ರ. ಗೂಢಲಿಪಿಯಿಲ್ಲದ ಎಚ್‌ಟಿಟಿಪಿ/2 ಸಂಪರ್ಕದಲ್ಲಿ ಬಂದ, ಅಥವಾ ನಡುವಿನ ಪ್ರಾಕ್ಸಿ ಕಳಿಸಿದ ಒರಿಜಿನ್ ಫ್ರೇಮನ್ನು ಬ್ರೌಸರ್ ಕಡೆಗಣಿಸಬೇಕು. ಈ ವಿಸ್ತರಣೆಯ ಅರಿವೇ ಇಲ್ಲದ ಬ್ರೌಸರ್ ಕೂಡ ಅದನ್ನು ಸುಮ್ಮನೆ ದಾಟಿಹೋಗಬೇಕು, ಏಕೆಂದರೆ ಗುರುತಿಲ್ಲದ ಫ್ರೇಮ್‌ಗಳನ್ನು ಬಿಟ್ಟುಬಿಡುವುದು ಎಚ್‌ಟಿಟಿಪಿ/2ರ ಮೂಲ ನಿಯಮಗಳಲ್ಲಿ ಒಂದು.

ಇಲ್ಲಿ ಗಮನಿಸಬೇಕಾದದ್ದು ಈ ಪಟ್ಟಿ ಏನು ಮಾಡುವುದಿಲ್ಲ ಎಂಬುದನ್ನು. ಪಟ್ಟಿಯಲ್ಲಿ ಹೆಸರು ಬಂದಷ್ಟಕ್ಕೇ ಸರ್ವರ್‌ಗೆ ಆ ತಾಣದ ಪರವಾಗಿ ಮಾತಾಡುವ ಅಧಿಕಾರ ಹುಟ್ಟುವುದಿಲ್ಲ. ಸರ್ಟಿಫಿಕೇಟ್‌ನಲ್ಲಿ ಆ ಹೆಸರು ಇರಲೇಬೇಕು, ಅದು ಎಲ್ಲ ಮಾಮೂಲು ಪರೀಕ್ಷೆಗಳಲ್ಲಿ ಪಾಸಾಗಲೇಬೇಕು. ಅಂಗಡಿಯ ಮುಂದೆ ಬರೆಸಿದ ಬೋರ್ಡು ಮಾಲೀಕನದು, ಒಳಗೋಡೆಗೆ ತೂಗುಹಾಕಿದ ಲೈಸೆನ್ಸ್ ಬೇರೆಯವರು ಕೊಟ್ಟದ್ದು. ಬೋರ್ಡಿನಲ್ಲಿ ಔಷಧಿ ಎಂದು ಬರೆಸಿದ ಮಾತ್ರಕ್ಕೆ ಔಷಧಿ ಮಾರಲಾಗದು, ಲೈಸೆನ್ಸ್ ಇದ್ದೂ ಆ ಸರಕು ಇಟ್ಟಿಲ್ಲದವನು ಬೋರ್ಡಿನಲ್ಲಿ ಅದನ್ನು ಬರೆಸದೆ ಗಿರಾಕಿಯ ಅಲೆದಾಟ ತಪ್ಪಿಸಬಹುದು. ಆರ್‌ಎಫ್‌ಸಿ 8336 ಈ ಎರಡನೆಯ ಉಪಯೋಗವನ್ನು ಕಡ್ಡಾಯದ ಮಟ್ಟಕ್ಕೆ ಏರಿಸಿದೆ. ಗಣವೊಂದು ಕಟ್ಟಲ್ಪಟ್ಟ ಮೇಲೆ, ಅದರಲ್ಲಿಲ್ಲದ ಒರಿಜಿನ್‌ಗೆ ಆ ಸಂಪರ್ಕ ಅಧಿಕೃತವೆಂದು ಬ್ರೌಸರ್ ಎಣಿಸುವಂತೆಯೇ ಇಲ್ಲ, ಸರ್ಟಿಫಿಕೇಟ್ ಒಪ್ಪಿದರೂ ವಿಳಾಸ ಕೂಡಿದರೂ ಸರಿ. ಏನನ್ನೂ ಪಟ್ಟಿಮಾಡದ ಖಾಲಿ ಫ್ರೇಮ್ ಕಳಿಸಿದರೆ, ಕೇಳಿ ಬಂದ ಹೆಸರೊಂದನ್ನು ಬಿಟ್ಟು ಇನ್ನಾವುದಕ್ಕೂ ಈ ಸಂಪರ್ಕ ಬೇಡ ಎಂದು ಸರ್ವರ್ ಹೇಳಿದಂತೆ. ಪ್ರಚಾರದಲ್ಲಿ ಹಿಂದೆ ಬಿದ್ದಿರುವ ಈ ಮುಖವೇ ನನಗೆ ಹೆಚ್ಚು ಬೆಲೆಯುಳ್ಳದ್ದಾಗಿ ಕಾಣುತ್ತದೆ. ಆಂಟೊಯಿನ್ ಡೆಲಿನ್ಯಾ-ಲವೋ ಮತ್ತು ಕಾರ್ತಿಕೇಯನ್ ಭಾರ್ಗವನ್ 2015ರ ವರ್ಲ್ಡ್ ವೈಡ್ ವೆಬ್ ಸಮ್ಮೇಳನದಲ್ಲಿ ಮಂಡಿಸಿದ ಅಧ್ಯಯನ ತೋರಿಸಿದ್ದು ಇದರ ಅಗತ್ಯವನ್ನೇ. ಹಲವು ಹೆಸರುಗಳ ಅಥವಾ ವೈಲ್ಡ್‌ಕಾರ್ಡ್ ಸರ್ಟಿಫಿಕೇಟನ್ನು ಬೇರೆ ಬೇರೆ ಸರ್ವರ್‌ಗಳು ಹಂಚಿಕೊಂಡಾಗ, ಒಂದು ತಾಣದ ಕೋರಿಕೆಯನ್ನು ಇನ್ನೊಂದು ತಾಣ ಉತ್ತರಿಸುವಂತೆ ಮಾಡಿ, ಒರಿಜಿನ್‌ಗಳ ನಡುವಿನ ಗೋಡೆಯನ್ನೇ ಕೆಡವಲು ದಾಳಿಕೋರನಿಗೆ ಸಾಧ್ಯವಿತ್ತು. ಹೆಸರು ತನ್ನದಲ್ಲವೆಂದು ತಿಳಿದಾಗ ನಿರಾಕರಿಸುವ ಬದಲು ತನ್ನ ಮೊದಲ ತಾಣವನ್ನೇ ಕೊಟ್ಟುಬಿಡುವ ಸರ್ವರ್‌ಗಳ ರೂಢಿ ಇದಕ್ಕೆ ಸಹಾಯಕವಾಗಿತ್ತು. ದಾರಿಯ ನಡುವೆ ಕೂತು ಸಂಪರ್ಕವನ್ನೇ ತಿರುಗಿಸುವವನನ್ನು ಒರಿಜಿನ್ ಫ್ರೇಮ್ ತಡೆಯಲಾರದು. ಆದರೆ ಒಳ್ಳೆಯ ಮನಸ್ಸಿನ ಬ್ರೌಸರ್ ತಾನಾಗಿ ತಪ್ಪು ಬಾಗಿಲಿಗೆ ಹೋಗುವುದನ್ನು ಇದು ನಿಲ್ಲಿಸುತ್ತದೆ.

ಇಷ್ಟಕ್ಕೇ ನಿಂತಿದ್ದರೆ ಯಾರಿಗೂ ತಕರಾರಿರುತ್ತಿರಲಿಲ್ಲ. ದಾಖಲೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಗಣದಲ್ಲಿರುವ ಹೆಸರುಗಳಿಗೆ ಬ್ರೌಸರ್ ಬೇಕಾದರೆ ಡಿಎನ್‌ಎಸ್ ವಿಚಾರಣೆಯನ್ನೇ ಬಿಡಬಹುದು ಎಂದಿತು. ಆಕ್ಷೇಪಗಳಲ್ಲಿ ತೂಕವುಳ್ಳದ್ದು ಇದರ ಮೇಲಿನದು. ಡಿಎನ್‌ಎಸ್ ಬಹುಮಟ್ಟಿಗೆ ಗೂಢಲಿಪಿಯಿಲ್ಲದೆ, ಸಹಿಯಿಲ್ಲದೆ ಓಡಾಡುವ ವ್ಯವಸ್ಥೆ, ಅದನ್ನು ಭದ್ರತೆಯ ಕಂಬವೆಂದು ಯಾರೂ ಪರಿಗಣಿಸುವುದಿಲ್ಲ, ಹಾಗಾಗಿ ಬಿಟ್ಟರೆ ನಷ್ಟವೇನು ಎಂದು ಕೇಳಬಹುದು. ನಷ್ಟವಿದೆ. 2011ರಲ್ಲಿ ನೆದರ್ಲೆಂಡ್ಸ್‌ನ ಡಿಜಿನೋಟಾರ್ ಸಂಸ್ಥೆಯ ಯಂತ್ರಗಳಿಗೆ ನುಗ್ಗಿದವರು ಗೂಗಲ್‌ನ ಹೆಸರಿಗೆ ವೈಲ್ಡ್‌ಕಾರ್ಡ್ ಸರ್ಟಿಫಿಕೇಟ್ ಹೊರಡಿಸಿಕೊಂಡರು. ಅದನ್ನು ಇರಾನಿನ ಬಳಕೆದಾರರ ಮೇಲೆ ಪ್ರಯೋಗಿಸಲು ಅಲ್ಲಿನ ಜಾಲದ ದಾರಿಯೂ ಬೇಕಾಯಿತು. 2014ರ ಜುಲೈನಲ್ಲಿ ಭಾರತದ ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರ, ಅಂದರೆ ಎನ್‌ಐಸಿ, ಹೊಂದಿದ್ದ ಮಧ್ಯಂತರ ಸರ್ಟಿಫಿಕೇಟ್‌ಗಳಿಂದ ಗೂಗಲ್‌ನ ಕೆಲವು ಡೊಮೇನ್‌ಗಳಿಗೆ ಅನಧಿಕೃತ ಸರ್ಟಿಫಿಕೇಟ್‌ಗಳು ಹೊರಬಿದ್ದಿರುವುದನ್ನು ಗೂಗಲ್ ಪತ್ತೆಹಚ್ಚಿತು. ಭಾರತದ ಪ್ರಮಾಣೀಕರಣ ಪ್ರಾಧಿಕಾರಗಳ ನಿಯಂತ್ರಕರು ಎನ್‌ಐಸಿಯ ಆ ಮಧ್ಯಂತರ ಸರ್ಟಿಫಿಕೇಟ್‌ಗಳನ್ನು ರದ್ದುಮಾಡಿದರು. ನಿಯಂತ್ರಕರ ಮೂಲ ಸರ್ಟಿಫಿಕೇಟನ್ನು ಮೈಕ್ರೋಸಾಫ್ಟ್‌ನ ಪಟ್ಟಿ ನಂಬುತ್ತಿತ್ತಾದ್ದರಿಂದ ವಿಂಡೋಸ್‌ನ ಬಹುತೇಕ ತಂತ್ರಾಂಶಗಳಿಗೆ ಅದರ ಬಿಸಿ ತಟ್ಟಬಹುದಾಗಿತ್ತು, ತನ್ನದೇ ಪಟ್ಟಿ ಇಟ್ಟುಕೊಂಡಿದ್ದ ಫೈರ್‌ಫಾಕ್ಸ್‌ಗೆ ತಟ್ಟಲಿಲ್ಲ. ಇಂಥ ಸರ್ಟಿಫಿಕೇಟ್ ಕೈಗೆ ಬಂದವನು ಮಾಮೂಲು ನಿಯಮಗಳ ಕೆಳಗೆ ಇನ್ನೂ ಒಂದು ಬೇಲಿ ದಾಟಬೇಕು. ಡಿಎನ್‌ಎಸ್ ಉತ್ತರವನ್ನು ಕೆಡಿಸಬೇಕು ಅಥವಾ ದಾರಿಯ ಮಧ್ಯೆ ಕುಳಿತುಕೊಳ್ಳಬೇಕು. ಡಿಎನ್‌ಎಸ್ ಕೇಳುವುದನ್ನು ಬಿಟ್ಟ ಬ್ರೌಸರಿನ ಮುಂದೆ ಆ ಬೇಲಿ ಇರುವುದಿಲ್ಲ. ತನ್ನ ತಾಣಕ್ಕೆ ಜನರನ್ನು ಹೇಗಾದರೂ ಸೆಳೆದು, ಬಲಿಯಾಗಬೇಕಾದ ಹೆಸರನ್ನು ಒರಿಜಿನ್ ಫ್ರೇಮ್‌ನಲ್ಲಿ ಘೋಷಿಸಿದರೆ ಮುಗಿಯಿತು, ದಾಳಿಕೋರ ಭೂಮಿಯ ಯಾವ ಮೂಲೆಯಲ್ಲಿದ್ದರೂ ಆದೀತು.

ಈ ಆಕ್ಷೇಪವನ್ನು ಆರ್‌ಎಫ್‌ಸಿ 8336 ಮುಚ್ಚಿಡದೆ ತಾನೇ ಬರೆದುಕೊಂಡಿದೆ. ಡಿಎನ್‌ಎಸ್ ಬಿಡುವವರು ಸರ್ಟಿಫಿಕೇಟ್ ಸಾಚಾ ಎಂದು ಬೇರೆ ದಾರಿಯಿಂದ ಗಟ್ಟಿ ಮಾಡಿಕೊಳ್ಳಬೇಕು ಎಂದು ಹೇಳಿ ಎರಡು ಉದಾಹರಣೆ ಕೊಡುತ್ತದೆ: ಸರ್ಟಿಫಿಕೇಟ್ ಟ್ರಾನ್ಸ್‌ಪರೆನ್ಸಿಯ ಸಾರ್ವಜನಿಕ ದಾಖಲೆಯಲ್ಲಿ ಅದು ಸೇರಿರುವುದಕ್ಕೆ ಪುರಾವೆ, ಅಥವಾ ಅದು ರದ್ದಾಗಿಲ್ಲವೆಂದು ತೋರಿಸುವ ಇತ್ತೀಚಿನ ಒಸಿಎಸ್‌ಪಿ ಉತ್ತರ. ಅಪಾಯದ ಅಳತೆಯನ್ನೂ ಸರಿಯಾಗಿ ನೋಡಬೇಕು. ದಾಳಿ ನಡೆಯಬೇಕಾದರೆ ಒಂದೇ ಸರ್ಟಿಫಿಕೇಟ್‌ನಲ್ಲಿ ಎರಡು ಹೆಸರು ಬೇಕು, ಜನರನ್ನು ಸೆಳೆಯುವ ಹೆಸರು ಮತ್ತು ಬಲಿಯ ಹೆಸರು. ಯಾವುದೋ ಬ್ಯಾಂಕಿನ ಸರ್ವರ್‌ನಿಂದ ಕದ್ದ ಕೀಲಿಯೊಂದೇ ಇದ್ದರೆ ಈ ದಾರಿ ತೆರೆಯುವುದಿಲ್ಲ, ಏಕೆಂದರೆ ಆ ಸರ್ಟಿಫಿಕೇಟ್‌ನಲ್ಲಿ ಕಳ್ಳನ ತಾಣದ ಹೆಸರು ಇರುವುದಿಲ್ಲ. ಸರ್ಟಿಫಿಕೇಟ್ ಹೊರಡಿಸುವ ವ್ಯವಸ್ಥೆಯನ್ನೇ ವಂಚಿಸಿದವನಿಗೆ, ಅಥವಾ ಹಲವು ಗಿರಾಕಿಗಳ ಹೆಸರನ್ನು ಒಂದೇ ಸರ್ಟಿಫಿಕೇಟ್‌ಗೆ ತುಂಬಿದ ಕಡೆ ಕೀಲಿಯನ್ನು ಕದ್ದು ಅವುಗಳಲ್ಲಿ ಒಂದು ಹೆಸರನ್ನು ಹಿಡಿತದಲ್ಲಿಟ್ಟುಕೊಂಡವನಿಗೆ ಮಾತ್ರ ಅದು ತೆರೆಯುತ್ತದೆ. ಅಂಥ ವಂಚನೆಯನ್ನು ಸಾರ್ವಜನಿಕ ದಾಖಲೆ ತಡೆಯದಿದ್ದರೂ ಬಯಲಿಗೆ ಎಳೆಯುತ್ತದೆ. 2018ರ ಏಪ್ರಿಲ್ 30ರ ನಂತರ ಹೊರಡುವ ಎಲ್ಲ ಸರ್ಟಿಫಿಕೇಟ್‌ಗಳಿಗೂ ಕ್ರೋಮ್ ಈ ದಾಖಲೆಯನ್ನು ಕಡ್ಡಾಯ ಮಾಡಿದ್ದರಿಂದ ಮೊದಲ ಉದಾಹರಣೆಯ ಬಲ ಹೆಚ್ಚಿದೆ. ಎರಡನೆಯದು ಸೊರಗಿದೆ. ಬಹಳ ದೊಡ್ಡ ಸಂಖ್ಯೆಯಲ್ಲಿ ಸರ್ಟಿಫಿಕೇಟ್ ಕೊಡುವ ಲೆಟ್ಸ್ ಎನ್‌ಕ್ರಿಪ್ಟ್ 2025ರಲ್ಲಿ ಒಸಿಎಸ್‌ಪಿ ಸೇವೆಯನ್ನೇ ನಿಲ್ಲಿಸಿತು. ಆದ್ದರಿಂದ ಡಿಎನ್‌ಎಸ್ ಬಿಡುವ ಅನುಮತಿ ಇಂದಿಗೂ ಸಮರ್ಥನೀಯ, ಆದರೆ ಅದನ್ನು ಹೊತ್ತಿರುವುದು ಈಗ ಮುಖ್ಯವಾಗಿ ಒಂದೇ ಆಧಾರ ಎಂದು ಒಪ್ಪಿಕೊಂಡೇ ಸಮರ್ಥಿಸಬೇಕು.

ಲಾಭದ ಬದಿಯ ಪುರಾವೆ ಬಹುಕಾಲ ತೆಳುವಾಗಿತ್ತು. 2022ರ ಇಂಟರ್‌ನೆಟ್ ಮೆಷರ್‌ಮೆಂಟ್ ಕಾನ್ಫರೆನ್ಸ್‌ನಲ್ಲಿ ಸುಧೀಶ್ ಸಿಂಗನಮಲ್ಲ ಮತ್ತು ಅವರ ಸಹಲೇಖಕರು, ಬಹುಪಾಲು ಕ್ಲೌಡ್‌ಫ್ಲೇರ್‌ನವರು, ಮಂಡಿಸಿದ ಪ್ರಬಂಧ ಆ ಕೊರತೆಯನ್ನು ತುಂಬಿತು. ಪ್ರಮಾಣವಾಗಿ ನಾಲ್ಕು ವರ್ಷ ಕಳೆದರೂ ಈ ಫ್ರೇಮನ್ನು ಕಳಿಸುವ ಸರ್ವರ್ ಒಂದೂ ತಮಗೆ ಕಾಣಲಿಲ್ಲ, ಅರ್ಥಮಾಡಿಕೊಳ್ಳುವ ಬ್ರೌಸರ್ ಒಂದೇ ಎಂದು ಅವರು ಬರೆದರು. ಆ ಒಂದು ಫೈರ್‌ಫಾಕ್ಸ್. ನೋಡ್‌ಜೆಎಸ್ 2018ರಿಂದಲೇ ಇದನ್ನು ಕಳಿಸುವ ಸೌಲಭ್ಯ ಕೊಟ್ಟಿತ್ತು ನಿಜ, ಆದರೆ ಗ್ರಂಥಾಲಯದಲ್ಲಿ ಒಂದು ಕರೆ ಇರುವುದೇ ಬೇರೆ, ಕೋಟ್ಯಂತರ ಜನರ ದಟ್ಟಣೆ ಹೊರುವ ಸರ್ವರ್‌ನಲ್ಲಿ ಅದು ನಡೆಯುವುದೇ ಬೇರೆ. ತಂಡ 5000 ಸರ್ಟಿಫಿಕೇಟ್‌ಗಳನ್ನು ಹೊಸದಾಗಿ ಹೊರಡಿಸಿ, ತಮ್ಮ ಜಾಲದಲ್ಲಿ ಒರಿಜಿನ್ ಫ್ರೇಮನ್ನು ಜಾರಿಗೆ ತಂದು ಅಳೆಯಿತು. ಪ್ರಯೋಗಕ್ಕೆ ಒಳಪಟ್ಟ ಹೆಸರಿಗೆ ತೆರೆಯುವ ಹೊಸ ಟಿಎಲ್‌ಎಸ್ ಸಂಪರ್ಕಗಳು ಸುಮಾರು ಅರ್ಧಕ್ಕೆ ಇಳಿದವು. ಈ ಅಂಕಿಯನ್ನು ಓದುವಾಗ ಎರಡು ಎಚ್ಚರ ಬೇಕು. ತಲೆಬರಹದಲ್ಲಿಯೇ ಅವರು ಹೇಳಿಕೊಂಡಂತೆ ಅದು ಅತ್ಯುತ್ತಮ ಸನ್ನಿವೇಶದ ಲೆಕ್ಕ. ಎರಡನೆಯದಾಗಿ, ಸಂಪರ್ಕಗಳು ಕಡಿಮೆಯಾದವೆಂದ ಮಾತ್ರಕ್ಕೆ ಪುಟ ತೆರೆಯುವ ಹೊತ್ತು ಅದೇ ಪ್ರಮಾಣದಲ್ಲಿ ಇಳಿಯುವುದಿಲ್ಲ. ಹೆಸರುಗಳನ್ನು ಒಂದೇ ಐಪಿ ವಿಳಾಸಕ್ಕೆ ಕಟ್ಟಿಹಾಕಿದರೆ ಹಳೆಯ ನಿಯಮದಲ್ಲಿಯೇ ಇಂಥ ಇಳಿಕೆ ಸಿಗುತ್ತದಲ್ಲ ಎಂಬ ಮಾತೂ ಸರಿಯೇ. ಆದರೆ ಹಾಗೆ ಕಟ್ಟಿಹಾಕಿದವರು ಹೊರೆ ಹಂಚುವ, ದಟ್ಟಣೆ ತಿರುಗಿಸುವ ಸ್ವಾತಂತ್ರ್ಯವನ್ನು ಕಳೆದುಕೊಳ್ಳುತ್ತಾರೆ. ಫ್ರೇಮ್‌ನ ಲಾಭ ಇರುವುದು ವಿಳಾಸದ ಪ್ರಶ್ನೆಯನ್ನೂ ವಿಲೀನದ ಪ್ರಶ್ನೆಯನ್ನೂ ಬಿಡಿಸಿ ಬೇರೆಮಾಡುವುದರಲ್ಲಿ.

ಎಂಟು ಬಿಟ್‌ಗಳ ಗುರುತೊಂದನ್ನು ಓದಲು ಬ್ರೌಸರುಗಳಿಗೆ ಇಷ್ಟು ವರ್ಷ ಬೇಕಾಯಿತೆ? ಓದುವುದು ಸುಲಭ, ಓದಿದ ಮೇಲೆ ಏನು ಮಾಡಬೇಕೆಂಬುದು ಸುಲಭವಲ್ಲ. ಡಿಎನ್‌ಎಸ್ ಕೇಳುತ್ತಲೇ ಇದ್ದರೆ ಉಳಿತಾಯ ಅಲ್ಪ, ಬಿಟ್ಟರೆ ಹೊಣೆ ಪೂರ್ತಿ ಬ್ರೌಸರಿನದು. ಸರ್ವರ್‌ನ ಕಡೆಯವರಿಗೆ ಸಂಪರ್ಕಗಳ ಖರ್ಚು ಉಳಿಯುತ್ತದೆ, ಬಳಕೆದಾರನಿಗೆ ಮೋಸವಾದರೆ ಬೈಗುಳ ಕೇಳುವುದು ಬ್ರೌಸರ್ ಮಾಡಿದವರು. ಲಾಭ ಒಬ್ಬರಿಗೆ, ಅಪಾಯ ಇನ್ನೊಬ್ಬರಿಗೆ ಬೀಳುವ ಪ್ರಮಾಣಗಳು ನಿಧಾನವಾಗುವುದರಲ್ಲಿ ಆಶ್ಚರ್ಯವಿಲ್ಲ. ಇದಕ್ಕೆ ಜೊತೆಯಾಗಿ, ಗುರುತಿಲ್ಲದ ಫ್ರೇಮನ್ನು ಬಿಟ್ಟುಬಿಡಬೇಕೆಂಬ ನಿಯಮವನ್ನು ಪಾಲಿಸದೆ ಸಂಪರ್ಕವನ್ನೇ ಕಡಿದುಹಾಕುವ ಮಧ್ಯವರ್ತಿ ತಂತ್ರಾಂಶವೂ ಆ ಪ್ರಯೋಗದಲ್ಲಿ ಎದುರಾಯಿತು.

ಇನ್ನೆರಡು ಆಕ್ಷೇಪಗಳು ಅಷ್ಟು ಗಟ್ಟಿಯಲ್ಲ. ಹಲವು ತಾಣಗಳ ಕೋರಿಕೆ ಒಂದೇ ಸಂಪರ್ಕದಲ್ಲಿ ಸಾಗಿದರೆ ಬಳಕೆದಾರನ ಜಾಡು ಹಿಡಿಯುವುದು ಸುಲಭವಾಗುತ್ತದೆ ಎಂಬುದು ಒಂದು. ಬ್ರೌಸರುಗಳು ಈಗ ಸಂಪರ್ಕಗಳನ್ನು ಬಳಕೆದಾರ ತೆರೆದಿರುವ ಮುಖ್ಯ ತಾಣದ ಪ್ರಕಾರ ಬೇರ್ಪಡಿಸಿಡುತ್ತವೆ (ಫೈರ್‌ಫಾಕ್ಸ್ 2021ರ ಜನವರಿಯಲ್ಲಿ 85ನೆಯ ಆವೃತ್ತಿಯಿಂದ ಹೀಗೆ ಮಾಡುತ್ತಿದೆ), ಆದ್ದರಿಂದ ವಿಲೀನ ಒಂದೇ ಪುಟದ ಅಂಗಗಳ ನಡುವೆ ನಡೆಯುತ್ತದೆ, ಮತ್ತು ಆ ಅಂಗಗಳನ್ನು ಕೊಡುತ್ತಿದ್ದ ಸರ್ವರ್ ಹೇಗೂ ಅವುಗಳನ್ನು ನೋಡುತ್ತಲೇ ಇತ್ತು. ದಾರಿಯಲ್ಲಿ ಕದ್ದು ನೋಡುವವನಿಗೆ ಮಾತ್ರ ಡಿಎನ್‌ಎಸ್ ವಿಚಾರಣೆ, ಟಿಎಲ್‌ಎಸ್ ಆರಂಭದ ಬಯಲು ಹೆಸರು ಇವೆರಡೂ ಕಡಿಮೆ ಸಿಗುತ್ತವೆ. ಮತ್ತೊಂದು ಆಕ್ಷೇಪ ಟಿಸಿಪಿಯದು. ಒಂದು ಪೊಟ್ಟಣ ಕಳೆದರೆ ಆ ಸಂಪರ್ಕದ ಎಲ್ಲ ಕೋರಿಕೆಗಳೂ ಕಾಯಬೇಕು, ಹಲವು ಸಂಪರ್ಕಗಳಿದ್ದರೆ ಒಂದೇ ನಿಲ್ಲುತ್ತದೆ. ಕೆಟ್ಟ ಮೊಬೈಲ್ ಜಾಲಗಳಲ್ಲಿ ಈ ಮಾತು ನಿಜ. ಕ್ವಿಕ್ ಮೇಲೆ ನಡೆಯುವ ಎಚ್‌ಟಿಟಿಪಿ/3ರಲ್ಲಿ ಸ್ಟ್ರೀಮ್‌ಗಳು ಒಂದಕ್ಕೊಂದು ಕಾಯುವುದಿಲ್ಲವಾದ್ದರಿಂದ ಈ ತಕರಾರು ಅಲ್ಲಿ ಬಹುಮಟ್ಟಿಗೆ ಸತ್ವ ಕಳೆದುಕೊಳ್ಳುತ್ತದೆ.

ನಿಜವಾದ ಮಿತಿ ಇರುವುದು ಸರ್ಟಿಫಿಕೇಟ್‌ನಲ್ಲಿ. ಅಧಿಕಾರ ಕೊಡುವುದು ಅದೇ ಆದ್ದರಿಂದ, ಘೋಷಿಸಬೇಕಾದ ಪ್ರತಿ ಹೆಸರೂ ಮೊದಲು ಅದರೊಳಗೆ ಇರಬೇಕು. ಹೆಸರುಗಳು ಹೆಚ್ಚಿದಂತೆ ಸರ್ಟಿಫಿಕೇಟ್ ದಪ್ಪವಾಗುತ್ತದೆ, ಅದನ್ನು ಪ್ರತಿ ಹೊಸ ಸಂಪರ್ಕದಲ್ಲಿಯೂ ಕಳಿಸಬೇಕು. ಕ್ವಿಕ್‌ನಲ್ಲಿ ಬ್ರೌಸರಿನ ವಿಳಾಸ ಖಾತ್ರಿಯಾಗುವ ತನಕ ಸರ್ವರ್ ತಾನು ಪಡೆದದ್ದರ ಮೂರು ಪಟ್ಟಿಗಿಂತ ಹೆಚ್ಚು ಕಳಿಸುವಂತಿಲ್ಲ, ದಪ್ಪ ಸರ್ಟಿಫಿಕೇಟ್ ಅಲ್ಲಿ ಒಂದು ಸುತ್ತಿನ ವಿಳಂಬವನ್ನೇ ತಂದೀತು. ಸಂಪರ್ಕ ತೆರೆದ ಮೇಲೆ ಬೇಕಾದಾಗ ಇನ್ನೊಂದು ಸರ್ಟಿಫಿಕೇಟ್ ತೋರಿಸುವ ಕರಡು ಪ್ರಸ್ತಾವಗಳು ಹುಟ್ಟಿದ್ದು ಈ ಇಕ್ಕಟ್ಟಿನಿಂದಲೇ. ಇತ್ತ ಆರ್‌ಎಫ್‌ಸಿ 9412 ಹಳೆಯ ಅರ್ಥವನ್ನು ಹಾಗೆಯೇ ಉಳಿಸಿಕೊಂಡು ಸ್ಥಳವನ್ನಷ್ಟೇ ಬದಲಿಸಿತು: ಫ್ರೇಮ್ ಬರಬೇಕಾದದ್ದು ನಿಯಂತ್ರಣ ಸ್ಟ್ರೀಮ್‌ನಲ್ಲಿ. ಬೇರೆ ಸ್ಟ್ರೀಮ್‌ನಲ್ಲಿ ಬಂದರೆ ಎಚ್‌ಟಿಟಿಪಿ/2ರಲ್ಲಿ ಕಡೆಗಣಿಸಿದರೆ ಸಾಕಿತ್ತು, ಎಚ್‌ಟಿಟಿಪಿ/3ರಲ್ಲಿ ಅದು ಸಂಪರ್ಕವನ್ನೇ ಮುರಿಯುವ ದೋಷ. ಅದಕ್ಕೂ ಮೊದಲೇ, 2022ರ ಜೂನ್‌ನಲ್ಲಿ ಎಚ್‌ಟಿಟಿಪಿಯ ಎಲ್ಲ ಆವೃತ್ತಿಗಳಿಗೂ ಸಮಾನವಾದ ಅರ್ಥಗಳನ್ನು ನಿರೂಪಿಸಿದ ಆರ್‌ಎಫ್‌ಸಿ 9110, ಸರ್ವರ್‌ನ ಅಧಿಕಾರವನ್ನು ವಿವರಿಸುವ ಭಾಗದಲ್ಲಿಯೇ ಈ ಫ್ರೇಮನ್ನು ಹೆಸರಿಸಿತು: ಹೊಸ ಹೆಸರೂ ಅದೇ ಐಪಿ ವಿಳಾಸಕ್ಕೆ ಸೇರಿದೆಯೇ ಎಂದು ಬ್ರೌಸರುಗಳು ರೂಢಿಯಲ್ಲಿ ಡಿಎನ್‌ಎಸ್ ಮೂಲಕ ನೋಡುತ್ತವೆ, ಒರಿಜಿನ್ ಫ್ರೇಮ್ ಕಳಿಸಿದ ಸರ್ವರ್ ಆ ನಿರ್ಬಂಧವನ್ನು ತೆಗೆಯಬಹುದು.